ನಾನು ಕೊಯ್ದ ಮರ, ಪಾಲಯ್ಯನವರು ಕಡಿದ ಮರ

ಕಳೆದ ತಿಂಗಳು ಹೊಸಪೇಟೆಯಲ್ಲಿ ಕೆಲವು ಯುವ ಕರಕುಶಲ ಶಿಕ್ಷಕರು ನನ್ನನ್ನು ಒಂದು ಶಿಬಿರಕ್ಕೆ ಕರೆದಿದ್ದರು. ಮಕ್ಕಳಿಗೆ ಮರದ ಬಿಲ್ಲು ಮಾಡುವುದನ್ನು ಕಲಿಸಬೇಕಂತೆ, ಮೊದಲ ಬಿಲ್ಲಿಗೆ ಯಾವ ಮರ, ಯಾವ ಹತಾರ ಎಂದು ನಾನೊಂದು ಪಟ್ಟಿ ಕೊಡಬೇಕಂತೆ. ಹೋದೆ. ಮೇಜಿನ ಮೇಲೆ ಸಾಮಿಲ್ಲಿನಿಂದ ತಂದ ರೀಪುಗಳನ್ನು ಸಾಲಾಗಿ ಜೋಡಿಸಿದ್ದರು. ಎಲ್ಲವೂ ಬಣ್ಣ ನೋಡಿ ಆರಿಸಿದ ರೀಪುಗಳು. ಪಕ್ಕದಲ್ಲಿ ಮೂರು ನಮೂನೆಯ ಪಾಲಿಶ್ ಪೇಪರು, ಒಂದು ದೊಡ್ಡ ವಾರ್ನಿಶ್ ಡಬ್ಬ. ಆ ಡಬ್ಬ ನೋಡಿದ ಕೂಡಲೇ ನನಗೆ ಪಿತ್ತ ನೆತ್ತಿಗೇರಿತು. ಬಿಲ್ಲು ಇನ್ನೂ ಮರದೊಳಗೇ ಇದೆ, ಇವರು ಆಗಲೇ ಹೊಳಪು ಹಚ್ಚಲು ನಿಂತಿದ್ದಾರೆ. ನಾಲ್ಕು ಮಾತು ಬೈದು ಅರ್ಧಕ್ಕೇ ಎದ್ದು ಬಂದೆ.

ಬೈದದ್ದಕ್ಕೆ ನನಗೇನೂ ಬೇಸರವಿಲ್ಲ. ಅರ್ಧಕ್ಕೆ ಎದ್ದು ಬಂದದ್ದು ಮಾತ್ರ ಸರಿಯಾಗಲಿಲ್ಲ, ಹೇಳಬೇಕಾದ್ದು ಇನ್ನೂ ಬಾಕಿಯಿತ್ತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊಸಪೇಟೆ ಹತ್ತಿರದ ಸರ್ಕಾರಿ ವಸತಿ ಶಾಲೆಯೊಂದರಲ್ಲಿ ಮೂವತ್ತು ವರ್ಷ ಮರಗೆಲಸದ ಮೇಷ್ಟ್ರಾಗಿದ್ದವನು ನಾನು. ಬಡ್ತಿ ಯಾವಾಗ ಬಂತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿದೆ. ಬೇಕಾದವರು ಅಲ್ಲೇ ನೋಡಿಕೊಳ್ಳಲಿ. ಅದರಲ್ಲಿ ಇಲ್ಲದ್ದನ್ನು ಮಾತ್ರ ನಾನು ಹೇಳುತ್ತೇನೆ.

ನಾನು ಕಂಪ್ಲಿಯ ಬಡಗಿಯ ಮಗ. ಕಾಲುವೆಗೆ ನೀರು ಬಂದ ಮೇಲೆ ನಮ್ಮ ಕಡೆ ಭತ್ತ, ಕಬ್ಬು ಎರಡೂ ಉಕ್ಕಿದವು. ಬೆಳೆ ಸಾಗಿಸಲು ಎಲ್ಲರಿಗೂ ಬಂಡಿ ಬೇಕು. ಅಪ್ಪನಿಗೆ ತಲೆ ಕೆರೆದುಕೊಳ್ಳಲು ಪುರುಸೊತ್ತಿರಲಿಲ್ಲ. ಅಪ್ಪನ ಕೆಲಸದಲ್ಲಿ ಅಳತೆಯೇ ದೇವರು. ಮದುವೆ ಊಟಕ್ಕೆ ಹೋದರೂ ಅವರ ಕಣ್ಣು ಮೊದಲು ಬೀಳುತ್ತಿದ್ದದ್ದು ಆ ಮನೆಯ ಬಾಗಿಲ ಚೌಕಟ್ಟಿನ ಮೂಲೆಗೆ. ಬೆಸುಗೆಯಲ್ಲಿ ಕೂದಲೆಳೆಯಷ್ಟು ಸಂದು ಕಂಡರೆ ಸಾಕು, ಎಲೆಯ ಮುಂದೆ ಕೂತು ಎಲ್ಲರಿಗೂ ಕೇಳುವಂತೆ, "ಇಂಥಾದ್ದು ನಮ್ಮ ಕೈಲಿ ಆಗಂಗಿಲ್ಲಪ" ಎನ್ನುತ್ತಿದ್ದರು. ಕೆಟ್ಟ ಕೆಲಸ ಮಾಡಿದವನು ಕಳ್ಳನಿಗಿಂತ ಕಡೆ ಎಂದು ನಾನು ಕಲಿತದ್ದು ಅವರಿಂದಲೇ. ಬಹಳ ವರ್ಷ ಅದನ್ನು ಒಳ್ಳೆಯ ಪಾಠವೆಂದೇ ತಿಳಿದಿದ್ದೆ.

ಎಪ್ಪತ್ತರ ದಶಕದ ಕೊನೆಯ ಮಾತು. ವಸತಿ ಶಾಲೆಗಳ ಕ್ರೀಡಾಕೂಟದಲ್ಲಿ ಬಿಲ್ಲುಗಾರಿಕೆಯನ್ನೂ ಸೇರಿಸಿದ್ದಾರೆಂದು ಸುತ್ತೋಲೆ ಬಂತು. ನಮ್ಮ ಹೆಡ್ಮಾಸ್ಟರು ಸುತ್ತೋಲೆ ಎಂದರೆ ಪ್ರಾಣ ಬಿಡುವವರು. ನನ್ನನ್ನು ಕರೆಸಿ, "ಏನ್ರಿ ಮೌನೇಶಪ್ಪ, ನೀವು ಬಡಗೇರ ಮನಿಯವ್ರು. ಆರು ಬಿಲ್ಲು ಮಾಡ್ರಿ, ತಿಂಗಳ ಒಳಗ" ಎಂದರು. ಆರು ಸ್ಟೂಲು ಮಾಡಿ ಎಂದ ಹಾಗೆಯೇ ಹೇಳಿದರು. ನಾನೂ ಆರು ಸ್ಟೂಲಿಗೆ ಒಪ್ಪಿಕೊಂಡ ಹಾಗೆಯೇ ಒಪ್ಪಿಕೊಂಡೆ.

ಮೊದಲ ಬಿಲ್ಲನ್ನು ತೇಗದಲ್ಲಿ ಮಾಡಿದೆ. ಡ್ಯಾಮಿನ ಕಾಲೊನಿಯ ಬಾಗಿಲುಗಳಿಗೆ ತಂದು ಮಿಕ್ಕಿದ್ದ ತೇಗದ ಹಲಗೆ ನಮ್ಮ ಸ್ಟೋರಿನಲ್ಲಿತ್ತು. ಗರಗಸದಲ್ಲಿ ನೆಟ್ಟಗೆ ಕೊಯ್ದು, ರಂದಾ ಹೊಡೆದು, ಎರಡೂ ತೋಳನ್ನು ನೂಲಿನಷ್ಟೂ ವ್ಯತ್ಯಾಸವಿಲ್ಲದಂತೆ ಒಂದೇ ದಪ್ಪಕ್ಕೆ ಇಳಿಸಿದೆ. ಹೆಡ್ಮಾಸ್ಟರು ಸ್ವತಃ ಸ್ಕೇಲು ಹಿಡಿದು ಅಳೆದು ಭೇಷ್ ಎಂದರು, ಮೂರು ಕೈ ವಾರ್ನಿಶ್ ಹೊಡೆಸಿದರು, ಅದನ್ನು ಹಿಡಿದು ನಿಂತು ಫೋಟೋ ತೆಗೆಸಿಕೊಂಡರು. ಫೋಟೋ ಆದ ಮೇಲೆ ಡ್ರಿಲ್ ಮೇಷ್ಟ್ರು ಹೆದೆ ಎಳೆದರು. ಎರಡನೆಯ ಸಲಕ್ಕೆ ಬಿಲ್ಲು ಪಟ್ಟನೆ ಎರಡು ತುಂಡಾಗಿ, ಒಂದು ತುಂಡು ಹಾರಿಹೋಗಿ ನೋಟಿಸ್ ಬೋರ್ಡಿನ ಗಾಜು ಒಡೆಯಿತು. ಡ್ರಿಲ್ ಮೇಷ್ಟ್ರ ಕಣ್ಣು ಉಳಿದದ್ದು ಅವರ ತಾಯಿಯ ಪುಣ್ಯ. ನನಗೆ ಬೈಗುಳ ಸಿಕ್ಕಿತು, ಆದರೆ ಏಕೆ ಮುರಿಯಿತು ಎಂದು ಬೈದವರಿಗೂ ಗೊತ್ತಿರಲಿಲ್ಲ, ಬೈಸಿಕೊಂಡ ನನಗೂ ಗೊತ್ತಿರಲಿಲ್ಲ.

ಎರಡನೆಯದನ್ನು ಬಿದಿರಿನಲ್ಲಿ ಮಾಡಿದೆ. ಹೊಸಪೇಟೆಯ ಬಜಾರಿನಲ್ಲಿ ಏಣಿ ಮಾರುವವನಿಂದ ಹಸಿ ಬಿದಿರು ತಂದು ಸೀಳಿ ಬಗ್ಗಿಸಿದೆ. ಅದು ಮುರಿಯಲಿಲ್ಲ. ಬಗ್ಗಿದ್ದು ಬಗ್ಗಿದ ಹಾಗೇ ಉಳಿಯಿತು. ಹೆದೆ ಬಿಚ್ಚಿದರೂ ನೆಟ್ಟಗಾಗಲಿಲ್ಲ, ಬಾಣ ನಾಲ್ಕು ಮಾರು ಹೋಗಿ ನೆಲ ಮುಟ್ಟಿತು. ಹೆಡ್ಮಾಸ್ಟರು ಅಡುಗೆಯವರ ಮುಂದೆಯೇ, "ಇದನ್ನ ಮಜ್ಜಿಗಿ ಕಡಿಯಾಕರ ಕೊಡ್ರಿ" ಎಂದು ನಕ್ಕರು. ಆ ಮಾತು ಇಷ್ಟು ವರ್ಷವಾದರೂ ನನ್ನ ಕಿವಿಯಲ್ಲಿದೆ. ನನ್ನ ಕೈಕೆಲಸಕ್ಕೆ ಯಾರಾದರೂ ನಕ್ಕರೆ ನಾನು ಮನುಷ್ಯನಾಗಿ ಇರುತ್ತಿರಲಿಲ್ಲ. ಇದನ್ನು ಸುಮ್ಮನೆ ಹೇಳುತ್ತಿಲ್ಲ, ಮುಂದಿನದೆಲ್ಲ ಇದರಿಂದಲೇ ಆಯಿತು.

ಪಾಲಯ್ಯನವರು ಸಿಕ್ಕಿದ್ದು ಹಂಪಿಯ ಹತ್ತಿರದ ಒಂದು ಬಾಳೆ ತೋಟದಲ್ಲಿ. ಅವರು ಸಂಡೂರು ತಾಲೂಕಿನ ಚೋರನೂರಿನವರು, ಬೇಡರ ಪೈಕಿ, ಅರವತ್ತು ದಾಟಿದವರು. ಊರಲ್ಲಿ ಜೋಳ, ಶೇಂಗಾ ಮುಗಿದ ಮೇಲೆ ಕಾಲುವೆ ಕೆಳಗಿನ ತೋಟಗಳಿಗೆ ಕಾವಲಿಗೆ ಬರುತ್ತಿದ್ದರು. ಮಂಗಗಳನ್ನು ಓಡಿಸುವುದು ಅವರ ಕೆಲಸ. ಕೈಯಲ್ಲೊಂದು ಬಿಲ್ಲು, ತುದಿ ಮೊಂಡಾದ ನಾಲ್ಕು ಬಾಣ. ಅವರಿಗಿಂತ ಇಪ್ಪತ್ತೈದು ವರ್ಷ ಚಿಕ್ಕವನಾಗಿದ್ದ ನಾನು ಅವರನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಆಗ ನಮ್ಮಂಥವರೆಲ್ಲ ಹಾಗೆಯೇ ಮಾತಾಡುತ್ತಿದ್ದದ್ದು. ಅವರು ನನಗೆ ಬಹುವಚನ ಕೊಡುತ್ತಿದ್ದರು. ಈಗ ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಆ ಬಿಲ್ಲನ್ನು ನೋಡಿ ನನಗೆ ನಗು ಬಂತು. ಸೊಟ್ಟ. ಒಂದು ತೋಳಿನಲ್ಲಿ ಗಂಟು, ಆ ಗಂಟಿನ ಸುತ್ತ ಮರವನ್ನು ಉಬ್ಬಾಗಿಯೇ ಬಿಟ್ಟಿದ್ದರು. ಹೊರಮೈಗೆ ಹತಾರವನ್ನೇ ತಾಗಿಸಿರಲಿಲ್ಲ, ತೊಗಟೆ ಸುಲಿದು ಹಾಗೇ ಬಿಟ್ಟಂತಿತ್ತು.

"ನಗಬ್ಯಾಡ್ರಿ ಮೇಷ್ಟ್ರ, ಎಳದು ನೋಡ್ರಿ" ಎಂದು ಕೊಟ್ಟರು.

ಎಳೆದೆ. ಅರ್ಧಕ್ಕೆ ನನ್ನ ತೋಳು ನಡುಗಿತು. ಎರಡೂ ಕಡೆ ಒಂದೇ ಸಮನೆ ಬಾಗಿತು ಆ ಸೊಟ್ಟ ಬಿಲ್ಲು. ನನ್ನ ತೇಗದ ಬಿಲ್ಲಿನ ಕತೆ ಹೇಳಿದೆ. ಮುರಿದ ತುಂಡನ್ನು ಮರುದಿನ ತಂದು ತೋರಿಸಿದೆ. ಅವರು ಮುರಿದ ಬಾಯಿಯ ಮೇಲೆ ಹೆಬ್ಬೆರಳು ಆಡಿಸಿದರು.

"ನೀವು ಗರಗಸ ಹೊಡೆದು ಇದರ ನಾರು ಕತ್ತರ್ಸೀರಿ. ಮ್ಯಾಲ ರಂದಾ ಹೊಡೆದು ಉಳದದ್ದೂ ಕತ್ತರ್ಸೀರಿ. ತುದಿಯಿಂದ ತುದಿತನಕ ಒಂದರ ನಾರು ಪೂರ್ತಿ ಐತೇನು ನೋಡ್ರಿ."

"ಎರಡೂ ಕಡೆ ದಪ್ಪ ಒಂದೇ ಐತಲ್ಲ ಪಾಲಯ್ಯ?"

"ನೀವು ಟೇಪು ಹಿಡದು ಅಳೀತೀರಿ. ಬಗ್ಗೂದು ಟೇಪಲ್ರಿ, ಮರ."

ಹದಿನೈದು ವರ್ಷ ಮರಗೆಲಸ ಕಲಿಸಿದ ಮೇಲೆ ಬಾಳೆ ತೋಟದ ಬದುವಿನ ಮೇಲೆ ಕೂತು ನಾನು ಮತ್ತೆ ಒಂದನೇ ಇಯತ್ತೆಗೆ ಸೇರಿದೆ. ಭಾನುವಾರಗಳಂದು ಸೈಕಲ್ಲು ತುಳಿದು ಹೋಗುತ್ತಿದ್ದೆ. ಅವರು ಹೇಳಿದ್ದನ್ನು ಶಿಬಿರದ ಹುಡುಗರಿಗೆ ಹೇಳಬೇಕಿತ್ತು, ಈಗ ಹೇಳುತ್ತೇನೆ. ಬಿಲ್ಲಿನ ಮರವನ್ನು ಅಂಗಡಿಯಲ್ಲಿ ಆರಿಸಬಾರದು, ಬೇರಿನ ಮೇಲೆ ನಿಂತಿರುವಾಗಲೇ ನೋಡಬೇಕು. ನಮ್ಮ ಸೀಮೆಯಲ್ಲಿ ದಡಸಲು ಎಂಬ ಕಾಡುಮರ ಇದಕ್ಕೆ ಒಳ್ಳೆಯದು. ತೊಗಟೆಯ ಗೆರೆಗಳು ನೆಟ್ಟಗೆ ಮೇಲಕ್ಕೆ ಹೋಗಿದ್ದರೆ ಒಳಗಿನ ನಾರೂ ನೆಟ್ಟಗಿರುತ್ತದೆ. ಗೆರೆ ತಿರುಚಿಕೊಂಡಿದ್ದರೆ ಆ ಮರಕ್ಕೆ ಕೈ ಮುಗಿದು ಮುಂದೆ ಹೋಗಬೇಕು. ಆಳೆತ್ತರದ ತನಕ ಕೊಂಬೆ ಇರಬಾರದು. ತೋಟದ ಅಂಚಿನ ದಪ್ಪ ಮರವೊಂದನ್ನು ನಾನು ತೋರಿಸಿದಾಗ ಪಾಲಯ್ಯನವರು ಅದರ ಕಡೆ ತಿರುಗಿಯೂ ನೋಡಲಿಲ್ಲ. "ಕಾಲುವಿ ನೀರು ಕುಡದು ಬೆಳದದ್ದು ಬಿಲ್ಲಿಗೆ ಬರಂಗಿಲ್ರಿ. ಕಲ್ಲಾಗ, ಹಸಕೊಂಡು ಬೆಳದಿರಬೇಕು" ಎಂದರು.

ಕಲ್ಲಿನಲ್ಲಿ ಬೆಳೆದ ಮರ ಎಂದರೆ ಸಂಡೂರಿನ ಗುಡ್ಡ. ಕರೆದುಕೊಂಡು ಹೋಗು ಎಂದೆ. ಅವರು ಒಂದೇ ಮಾತು ಕೇಳಿದರು: "ಚೀಟಿ ಐತೇನ್ರಿ?" ಕಾಡಿನಲ್ಲಿ ಕೊಡಲಿ ಹಿಡಿಯಲು ಅರಣ್ಯ ಇಲಾಖೆಯ ಚೀಟಿ ಬೇಕು. ಬೇಟೆ ನಿಂತುಹೋದ ಮೇಲೆ ಅವರ ಜನ ಬಿಲ್ಲು ಹಿಡಿದು ಗುಡ್ಡದ ಕಡೆ ತಿರುಗಿದರೇ ಸಾಕು, ಕೇಸು. ನಾನು ಹೆಡ್ಮಾಸ್ಟರನ್ನು ಕೇಳಿದೆ. "ರೇಂಜರ್ ಸಾಹೇಬ್ರಿಗೆ ಹೇಳೀನಿ, ಪತ್ರ ಹಿಂದಿಂದ ಬರ್ತೈತಿ, ನೀವು ಹೋಗಿ ಬರ್ರಿ" ಎಂದರು. ಅವರು ಹೇಳಿರಲೇ ಇಲ್ಲ ಎಂದು ಆಮೇಲೆ ತಿಳಿಯಿತು. ಪಾಲಯ್ಯನವರಿಗೆ ನಾನು, "ಚೀಟಿ ಆಗೇತಿ, ನಡಿ" ಎಂದೆ. ಚೀಟಿಯನ್ನು ನಾನು ಕಣ್ಣಿನಿಂದ ನೋಡಿರಲಿಲ್ಲ.

ಎಲೆ ಉದುರಿದ ಮಾಘದಲ್ಲಿ ಹೋದೆವು. ಅದಿರಿನ ಲಾರಿಗಳ ಕೆಂಪು ಧೂಳು ರಸ್ತೆ ಬದಿಯ ಗಿಡಗಳ ಮೇಲೆಲ್ಲ ಕೂತಿತ್ತು. ಗುಡ್ಡ ಹತ್ತಿ ಒಂದು ತಾಸು ನಡೆದ ಮೇಲೆ ನನಗೊಂದು ದಡಸಲು ಕಣ್ಣಿಗೆ ಬಿತ್ತು. ಪಾಲಯ್ಯನವರು ಮೇಲಿನ ಕಡೆ ಹುಡುಕುತ್ತ ಹೋಗಿದ್ದರು. ಕಾಯಬೇಕಿತ್ತು. ಆದರೆ ಕಲಿತದ್ದನ್ನು ತೋರಿಸುವ ಚಪಲ ನನಗೆ. ಚೀಲದಿಂದ ಗರಗಸ ತೆಗೆದು ಕೊಯ್ಯಲು ಶುರು ಮಾಡಿದೆ. ಹಲಗೆ ಕೊಯ್ಯುವುದು ಬೇರೆ, ನಿಂತ ಮರ ಕೊಯ್ಯುವುದು ಬೇರೆ. ಎದುರು ಬದಿಗೆ ಮೊದಲು ಕಚ್ಚು ಹಾಕಿಕೊಳ್ಳಬೇಕೆಂಬುದು ನನಗೆ ತಿಳಿಯದು. ಅರ್ಧ ಹೋದಾಗ ಮರ ವಾಲಿ ಗರಗಸವನ್ನು ಕಚ್ಚಿ ಹಿಡಿಯಿತು, ಎಳೆದಾಡುವಷ್ಟರಲ್ಲಿ ಬುಡದಿಂದ ಎದೆಯೆತ್ತರದ ತನಕ ಸಿಗಿದುಕೊಂಡು ಬಿತ್ತು. ಅರ್ಧ ಕೊಯ್ದ ಗೆರೆ, ಅರ್ಧ ಹರಿದ ಚಕ್ಕೆ. 

ಸದ್ದಿಗೆ ಓಡಿ ಬಂದ ಪಾಲಯ್ಯನವರು ತಲೆಯ ಮೇಲೆ ಕೈ ಹೊತ್ತು ನಿಂತರು. ಬೈಯಲಿಲ್ಲ. ತೊಗಟೆ ತೋರಿಸಿ, "ನೋಡ್ರಿ, ಹಗ್ಗ ಹೊಸದಂಗ ತಿರುಚೇತಿ. ಕೊಯ್ಯದಿದ್ರೂ ನಡೀತಿತ್ತು" ಎಂದರು ಅಷ್ಟೆ.

ಆಮೇಲೆ ಅವರು ಆರಿಸಿದ ಮರವನ್ನು ಅವರೇ ಕಡಿದರು. ನೆಲಕ್ಕೆ ಹತ್ತಿರ, ಓರೆಯಾಗಿ ಕಡಿದರು. ಮಳೆ ನೀರು ಬೊಡ್ಡೆಯ ಮೇಲೆ ನಿಲ್ಲದೆ ಜಾರಬೇಕು, ಆಗ ಮತ್ತೆ ಚಿಗುರುತ್ತದೆಯಂತೆ. ಏಟು ಬಿದ್ದಲ್ಲೇ ಬೀಳುತ್ತಿತ್ತು. ಕಾಂಡವನ್ನು ಅಲ್ಲೇ ಮರದ ಬೆಣೆ ಹೊಡೆದು ಎರಡು ಹೋಳು ಮಾಡಿದರು. ಸೀಳಿದರೆ ಮರ ತನ್ನ ನಾರಿನ ಜಾಡು ಹಿಡಿದೇ ಬಿಚ್ಚಿಕೊಳ್ಳುತ್ತದೆ, ಗರಗಸಕ್ಕೆ ಆ ಜಾಡು ಗೊತ್ತಾಗುವುದಿಲ್ಲ. ತುದಿಗಳು ಬಿರಿಯದಂತೆ ಸಗಣಿ, ಮಣ್ಣು ಕಲಸಿ ಮೆತ್ತಿದರು. ಅಂಥ ಕೆಲಸವನ್ನು ನಾನು ಮತ್ತೆ ನೋಡಲಿಲ್ಲ.

ಇಳಿದು ಬರುವಾಗ ಗಾರ್ಡುಗಳು ಎದುರಾದರು. ಹೋಳುಗಳು ಪಾಲಯ್ಯನವರ ಹೆಗಲ ಮೇಲಿದ್ದವು, ಕೊಡಲಿ ಅವರ ಕೈಯಲ್ಲಿತ್ತು. ಗರಗಸ ನನ್ನ ಚೀಲದಲ್ಲಿತ್ತು. ಸರ್ಕಾರಿ ಮೇಷ್ಟ್ರ ಚೀಲವನ್ನು ಯಾರೂ ತೆರೆಸಲಿಲ್ಲ. ಚೀಟಿ ಎಲ್ಲಿ ಎಂದರು. ಆಫೀಸಿನಲ್ಲಿದೆ ಎಂದೆ. ನಮ್ಮನ್ನು ರೇಂಜ್ ಆಫೀಸಿಗೆ ಕರೆದೊಯ್ದರು, ಚೀಟಿ ಅಲ್ಲಿ ಇರಲಿಲ್ಲ. ಗಾರ್ಡುಗಳು ಗುಡ್ಡ ಹತ್ತಿ ಎರಡೂ ಬೊಡ್ಡೆ ನೋಡಿ, ಗುರುತಿಗೆಂದು ಎರಡರ ಬುಡದ ತುಂಡನ್ನೂ ತಂದರು. ಮಧ್ಯಾಹ್ನದ ಹೊತ್ತಿಗೆ ಹೆಡ್ಮಾಸ್ಟರನ್ನು ಕರೆಸಿದರು. ಅವರು ಕುರ್ಚಿಯಲ್ಲಿ ಕೂತು, ಚಹಾ ಕುಡಿದು, "ನಾನು ಬರೀ ಮರ ನೋಡ್ಕೊಂಡು ಬರ್ರಿ ಅಂದಿದ್ದೆ" ಎಂದರು. ಅವರ ಮುಖದ ಮೇಲೆ ಒಂದು ಗೆರೆಯೂ ಅಲ್ಲಾಡಲಿಲ್ಲ. ಸುಳ್ಳು ಹೇಳುವುದರಲ್ಲಿ ಅಷ್ಟು ನೈಪುಣ್ಯ ಇದ್ದವರನ್ನು ನಾನು ಮೂವತ್ತು ವರ್ಷದಲ್ಲಿ ಇನ್ನೊಬ್ಬರನ್ನು ಕಾಣಲಿಲ್ಲ.

ರೇಂಜರ್ ಮೇಜಿನ ಮೇಲೆ ಎರಡು ತುಂಡುಗಳನ್ನು ಇಡಿಸಿದರು. ಮೊದಲು ನನ್ನದನ್ನು ಕೈಗೆತ್ತಿಕೊಂಡರು. ಅದನ್ನು ಹೆಡ್ಮಾಸ್ಟರ ಕಡೆ ತಿರುಗಿಸಿ, "ನೋಡ್ರಿ ಸಾರ್, ನಾಯಿ ಕಡದಂಗೈತಿ" ಎಂದು ನಕ್ಕರು. ಹೆಡ್ಮಾಸ್ಟರೂ ನಕ್ಕರು. ಅದೇ ಮಜ್ಜಿಗೆ ಕಡೆಯುವ ನಗು. ಆಮೇಲೆ ರೇಂಜರ್ ನನ್ನನ್ನು ಕೇಳಿದರು: "ಮೇಷ್ಟ್ರ, ಇದು ನಿಮ್ಮ ಕೆಲಸ ಏನ್ರಿ?"

ಪಾಲಯ್ಯನವರು ಬಾಗಿಲ ಹತ್ತಿರ ಕುಕ್ಕುರುಗಾಲಲ್ಲಿ ಕೂತಿದ್ದರು. ನನ್ನ ಕಡೆ ನೋಡುತ್ತಿದ್ದರು. ನಾನು ಹೌದು ಎಂದಿದ್ದರೆ ಆಗುತ್ತಿದ್ದದ್ದು ಇಷ್ಟೇ: ಮರ ಕೊಯ್ದವನು ಸರ್ಕಾರಿ ಶಾಲೆಯ ಮೇಷ್ಟ್ರು, ಶಾಲೆಯ ಕೆಲಸಕ್ಕೆ ಕೊಯ್ದ, ಮುದುಕನನ್ನು ದಾರಿ ತೋರಿಸಲು ಕರೆತಂದ. ಒಂದು ನೋಟಿಸು, ಒಂದು ಸಮಜಾಯಿಷಿ, ಅಲ್ಲಿಗೆ ಮುಗಿಯುತ್ತಿತ್ತು.

ನಾನು, "ಛೇ, ಇಂಥಾದ್ದು ನಮ್ಮ ಕೈಲಿ ಆಗಂಗಿಲ್ರಿ ಸಾರ್" ಎಂದೆ.

ಬಾಯಿಂದ ಬಂದುಬಿಟ್ಟಿತು. ಕೆಲಸ ಹೋಗುತ್ತದೆಂದು ನಾನು ಆ ಗಳಿಗೆಯಲ್ಲಿ ಯೋಚಿಸಲೇ ಇಲ್ಲ. ಕೇಸಿನ ಯೋಚನೆಯೂ ಬರಲಿಲ್ಲ. ಆ ಹರಿದ ಬುಡವನ್ನು ನನ್ನದೆಂದು ಒಪ್ಪಿಕೊಳ್ಳಲು ನನ್ನಿಂದ ಆಗಲಿಲ್ಲ, ಅಷ್ಟೇ. ಅಷ್ಟು ಕೆಟ್ಟ ಕೊಯ್ತ ನನ್ನದಾಗಲು ಸಾಧ್ಯವಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿದೆ. ಹಾಗಾದರೆ ಎರಡನ್ನೂ ಕಡಿದವನು ಇವನೇ ಎಂದು ರೇಂಜರ್ ಬರೆದುಕೊಂಡರು. ಕೊಡಲಿ ಮಾತ್ರ ಇದ್ದ ಮನುಷ್ಯ ಗರಗಸದ ಗೆರೆ ಹೇಗೆ ಮೂಡಿಸಿದ ಎಂದು ಆ ಕಚೇರಿಯಲ್ಲಿ ಒಬ್ಬರೂ ಕೇಳಲಿಲ್ಲ. ದಿನಬೆಳಗಾದರೆ ಮರ ನೋಡುವ ಜನ ಅವರು. ಅವರಿಗೆ ಕಾಣಲಿಲ್ಲವೆಂದು ನಾನು ಈಗಲೂ ನಂಬುವುದಿಲ್ಲ, ಬೇಡರವನೊಬ್ಬ ಸಿಕ್ಕಿದ್ದ, ಅಷ್ಟು ಸಾಕಿತ್ತು. ಪಾಲಯ್ಯನವರು ಏನೋ ಹೇಳಲು ಬಾಯಿ ತೆರೆದರು. ಗಾರ್ಡೊಬ್ಬ, "ಸುಮ್ನ ಕುಂದ್ರಲೇ" ಎಂದ.  ಒಂದು ನಿಮಿಷ ಕಳೆದ ಮೇಲೆ ನನಗೆ ನಿಜ ಹೇಳಬೇಕೆನಿಸಿತು, ಆದರೆ ಹೇಳಿದರೆ ಸುಳ್ಳುಗಾರನೂ ಆಗುತ್ತೇನೆ, ಕೆಟ್ಟ ಕೆಲಸಗಾರನೂ ಆಗುತ್ತೇನೆ. ಹೆಡ್ಮಾಸ್ಟರು ಬರೆದ ಹೇಳಿಕೆಗೆ ರುಜು ಹಾಕಿ ಅವರ ಜೊತೆ ಹೊಸಪೇಟೆಯ ಬಸ್ಸು ಹತ್ತಿದೆ.

ಪಾಲಯ್ಯನವರನ್ನು ಬಳ್ಳಾರಿಯ ಜೈಲಿಗೆ ಕಳಿಸಿದರು. ಹದಿನೈದು ದಿನದ ಮೇಲೆ ಜಾಮೀನಾಯಿತು. ಕೊಡಲಿಯನ್ನೂ, ತೋಟದ ಗುಡಿಸಲಿನಲ್ಲಿದ್ದ ಬಿಲ್ಲನ್ನೂ ಜಪ್ತಿ ಮಾಡಿದ್ದರು. ತೋಟದ ಮಾಲೀಕ ಕೇಸಿನ ಮನುಷ್ಯ ಬೇಡವೆಂದು ಕಾವಲು ಬಿಡಿಸಿದ. ತಿಂಗಳು ತಿಂಗಳೂ ಕೋರ್ಟಿನ ತಾರೀಕಿಗೆ ಅವರು ಅಲೆದಾಡುವಂತಾಯಿತು.

ಇನ್ನು ಆ ಹೋಳುಗಳ ಕತೆ ಕೇಳಿ. ಎರಡು ತಿಂಗಳು ಕಳೆದಿರಲಿಲ್ಲ, ನಮ್ಮ ಹೆಡ್ಮಾಸ್ಟರು ಈಗ ನಿಜವಾದ ಪತ್ರ ಬರೆದು, ಶಾಲೆಯ ಉಪಯೋಗಕ್ಕೆಂದು ಅದೇ ಹೋಳುಗಳನ್ನು ಬಿಡಿಸಿಕೊಂಡು ಬಂದರು. ಹೊತ್ತ ಮನುಷ್ಯನ ಮೇಲೆ ಕೇಸು ನಡೆಯುತ್ತಿದೆ, ಹೊತ್ತ ಮರ ಮಾತ್ರ ಗೌರವದಿಂದ ಶಾಲೆಯ ಜೀಪಿನಲ್ಲಿ ಬಂತು. ನಾನು ಬೇಡ ಎನ್ನಲಿಲ್ಲ. ಪಾಲಯ್ಯನವರು ಹೇಳಿದ್ದಂತೆ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಒಲೆಯ ಮೇಲಿನ ಅಟ್ಟಕ್ಕೆ ಕಟ್ಟಿ, ಒಂದು ವರ್ಷ ಹೊಗೆಯಲ್ಲಿ ಒಣಗಿಸಿದೆ. ಹೆಡ್ಮಾಸ್ಟರು ಈ ವರ್ಷವೇ ಬೇಕೆಂದು ಕುಣಿದರು. ಆ ಒಂದು ವಿಷಯದಲ್ಲಿ ಮಾತ್ರ ನಾನು ಜಗ್ಗಲಿಲ್ಲ. ಮರದ ವಿಷಯದಲ್ಲಿ ನನಗೆ ಧೈರ್ಯಕ್ಕೆ ಎಂದೂ ಕೊರತೆ ಇರಲಿಲ್ಲ ನೋಡಿ.

ಹತಾರ ಕೇಳಿದ್ದಿರಲ್ಲ, ಬರೆದುಕೊಳ್ಳಿ. ಒಂದು ಬಾಚಿ, ಒಂದು ಅರ, ಒಡೆದ ಗಾಜಿನ ಚೂರು, ಒಂದು ಕಂಬ, ಒಂದು ಹಗ್ಗ. ರಂದಾ ಮನೆಯಲ್ಲೇ ಬಿಟ್ಟು ಬನ್ನಿ. ತೊಗಟೆಯ ಕೆಳಗಿನ ಹೊರಮೈಯನ್ನು ಮುಟ್ಟಬೇಡಿ, ಬಿಲ್ಲು ಬಗ್ಗಿದಾಗ ಜಗ್ಗುವುದೆಲ್ಲ ಆ ಮೈಯೇ. ಬಾಚಿಯಿಂದ ಒಳಮೈಯನ್ನು ಇಳಿಸಿ, ಬಗ್ಗಲು ಶುರುವಾದ ಮೇಲೆ ಅರ ಹಿಡಿಯಿರಿ. ಕಂಬಕ್ಕೆ ಗೂಟ ಹೊಡೆದು, ಬಿಲ್ಲಿನ ನಡುವನ್ನು ಅದರ ಮೇಲೆ ಕೂರಿಸಿ, ಹೆದೆಯನ್ನು ಹಗ್ಗದಿಂದ ಮೆಲ್ಲಗೆ ಕೆಳಗೆ ಜಗ್ಗುತ್ತ ದೂರ ನಿಂತು ನೋಡಿ. ಗಟ್ಟಿಯಾಗಿ ನಿಂತ ಜಾಗವನ್ನು ಕೆರೆಯಬೇಕು, ಆಗಲೇ ಹೆಚ್ಚು ಬಗ್ಗುವ ಜಾಗಕ್ಕೆ ಕೈ ಹಾಕಬಾರದು. ಗಂಟು ಬಂದರೆ ಅದರ ಸುತ್ತ ಮರ ಬಿಡಿ, ಚಂದಕ್ಕಾಗಿ ಕೆತ್ತಬೇಡಿ. ಕೊನೆಗೆ ಗಾಜಿನ ಚೂರಿನಿಂದ ಹೆರೆದು ಎಣ್ಣೆ ಕುಡಿಸಿ. ಇದು ನನ್ನ ವಿದ್ಯೆಯಲ್ಲ. ಒಬ್ಬ ಮನುಷ್ಯ ಬಾಳೆ ತೋಟದಲ್ಲಿ ನನಗೆ ಬಿಟ್ಟಿ ಕೊಟ್ಟದ್ದು.

ಎರಡು ಹೋಳಿನಿಂದ ಎರಡು ಬಿಲ್ಲು ಬಂದವು. ತಪಾಸಣೆಗೆ ಬಂದ ದೊಡ್ಡ ಅಧಿಕಾರಿಯೊಬ್ಬರು ಒಂದನ್ನು ಕೈಗೆತ್ತಿಕೊಂಡು, ಬಾಣವಿಲ್ಲದೆ ಕಿವಿಯ ತನಕ ಎಳೆದು ಬಿಟ್ಟರು. ಬ್ಯಾಡ್ರಿ ಎನ್ನುವಷ್ಟರಲ್ಲಿ ಆಗಿಹೋಗಿತ್ತು. ಬಾಣ ಹೊತ್ತೊಯ್ಯಬೇಕಾದ ಬಲವೆಲ್ಲ ಬಿಲ್ಲಿನ ಮೈಗೇ ಹೊಡೆದು ತೋಳು ಸೀಳಿತು. ಅವರು, "ಮರ ಸರಿ ಇಲ್ಲ" ಎಂದು ಷರಾ ಬರೆದು ಹೋದರು. ಸರಿ ಇಲ್ಲದ್ದು ಮರವಲ್ಲ ಎಂದು ಅವರಿಗೆ ಹೇಳಬಲ್ಲವನು ಆ ಕೋಣೆಯಲ್ಲಿ ನಾನೊಬ್ಬನೇ ಇದ್ದೆ, ನಾನು ಕೈ ಕಟ್ಟಿ ನಿಂತಿದ್ದೆ. ಉಳಿದ ಇನ್ನೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಆ ವಾರವೇ ಚೋರನೂರಿಗೆ ಹೋದೆ.

ಪಾಲಯ್ಯನವರು ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದರು. ನನ್ನನ್ನು ನೋಡಿ ಎದ್ದು, "ಬರ್ರಿ ಮೇಷ್ಟ್ರ, ಕುಂದ್ರಿ" ಎಂದು ಕಂಬಳಿ ಹಾಸಿದರು. ಸೊಸೆಗೆ ಹೇಳಿ ನೀರು, ಬೆಲ್ಲ ತರಿಸಿದರು. ನಾನು ಬಿಲ್ಲು ಬಿಚ್ಚಿ ಕೊಟ್ಟೆ. ಹೊರಮೈಯ ಮೇಲೆ ಬೆರಳಾಡಿಸಿದರು. ಎಳೆದರು, ಎರಡೂ ತೋಳನ್ನು ನೋಡಿದರು, ಮೆಲ್ಲಗೆ ಬಿಟ್ಟರು. "ಚೊಲೊ ಬಂದೈತಿ" ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಅವರೇ ಮಾತು ತೆಗೆದರು.

"ಮನಸಿಗೆ ಹಚ್ಗೋಬ್ಯಾಡ್ರಿ. ಸಾಹೇಬ್ರ ಮುಂದ ನೀವು ಹೆದರಿದ್ರಿ. ನಾನೂ ಹೆದರಿದ್ದೆ. ಹೆದರಿದ್ರ ತಪ್ಪಲ್ಲ. ಮನಿ ಮಕ್ಕಳು ಇದ್ದೋರು ಹೆದರ್ತಾರ."

ಅಲ್ಲಿಗೆ ಬಿಡಬಹುದಿತ್ತು. ಆದರೆ ಇಷ್ಟು ದೊಡ್ಡ ಮನಸ್ಸಿನವರಿಗೆ ಪೂರ್ತಿ ನಿಜ ಹೇಳಿ ಹಗುರಾಗೋಣ ಎನಿಸಿತು. ಹೇಳಿದೆ. "ಹೆದರಿಕಿ ಅಲ್ಲ ಪಾಲಯ್ಯ. ಆ ಕೊಯ್ತ ಭಾಳ ಕೆಟ್ಟದಾಗಿತ್ತು. ನಂದು ಅನ್ನಾಕ ನಾಚಿಕಿ ಆತು."

ಅವರು ಬಿಲ್ಲಿನ ಹೆದೆ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ನನ್ನ ಮುಂದೆ ಇಟ್ಟರು.

"ಅಂದ್ರ ನಿಮ್ಮ ಕೈಗೆ ಹೆಸರು ಉಳೀಲಿ ಅಂತ ನನ್ನ ಒಳಗ ಹಾಕ್ಸಿದ್ರಿ."

ನಾನು ಬಿಲ್ಲನ್ನು ಮತ್ತೆ ಅವರ ಕಡೆ ಸರಿಸಿದೆ, ಅವರು ಮುಟ್ಟಲಿಲ್ಲ.

"ನನಗ್ಯಾಕ ಹೇಳ್ತೀರಿ ಇದನ್ನ? ನನಗ ಗೊತ್ತಿಲ್ಲೇನು ಯಾರು ಕೊಯ್ದ್ರು ಅಂತ? ಸೋಮವಾರ ತಾರೀಕೈತಿ. ಬಳ್ಳಾರಿಗೆ ಬರ್ರಿ. ಈಗ ನನ್ನ ಮುಂದ ಹೇಳಿದ್ದನ್ನ ಜಡ್ಜ್ ಸಾಹೇಬ್ರ ಮುಂದ ಹೇಳ್ರಿ. ಬಿಲ್ಲು ಆಮ್ಯಾಲ ತಗೋತೀನಿ."

ಬರುತ್ತೇನೆ ಎಂದೆ. ಬಿಲ್ಲು ಎತ್ತಿಕೊಂಡು ಕಂಬಳಿಯ ಮೇಲಿಂದ ಎದ್ದು ಬಂದೆ.

ಸೋಮವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊಸಪೇಟೆಯ ಬಸ್ ನಿಲ್ದಾಣಕ್ಕೆ ಹೋದೆ. ರುಜು ಹಾಕಿದ್ದ ಹೇಳಿಕೆ ಸುಳ್ಳೆಂದು ಕೋರ್ಟಿನಲ್ಲಿ ನಾನೇ ಹೇಳಿದರೆ ಏನಾಗುತ್ತದೆ ಎಂದು ಆಗ ಮೊದಲ ಬಾರಿಗೆ ಯೋಚಿಸಿದೆ. ಕೆಲಸ, ಹೆಂಡತಿ, ಎರಡು ಮಕ್ಕಳು, ಹೆಡ್ಮಾಸ್ಟರ ಮುಖ. ಬಳ್ಳಾರಿಯ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಕಲ್ಲು ಬೆಂಚಿನ ಮೇಲೆ ಮಧ್ಯಾಹ್ನದ ತನಕ ಕೂತಿದ್ದೆ. ಆಮೇಲೆ ಎದ್ದು ಶಾಲೆಗೆ ಹೋಗಿ ಒಂಬತ್ತನೇ ತರಗತಿಗೆ ಮೂಲೆ ಬೆಸುಗೆಯ ಪಾಠ ಮಾಡಿದೆ.

ಪಾಲಯ್ಯನವರಿಗೆ ಶಿಕ್ಷೆಯಾಯಿತೆಂದು ಸಂಡೂರಿನ ಕಡೆಯಿಂದ ಬಂದವರೊಬ್ಬರು ಹೇಳಿದರು. ನಾಲ್ಕೈದು ವರ್ಷದ ಮೇಲೆ ಪಾಲಯ್ಯನವರು ತೀರಿಕೊಂಡ ಸುದ್ದಿಯೂ ಆ ಕಡೆಯವರಿಂದಲೇ ತಿಳಿಯಿತು. ಹೆದರಿದರೆ ತಪ್ಪಲ್ಲ ಎಂದು ಪಾಲಯ್ಯನವರು ಕ್ಷಮಿಸಿದ್ದರಲ್ಲ, ಆ ಸೋಮವಾರ ಬಸ್ ನಿಲ್ದಾಣದಲ್ಲಿ ನಾನು ನಿಜವಾಗಿ ಹೆದರಿದ್ದೆ. ಅದನ್ನು ಹೇಳಲು ಮತ್ತೆ ಅವರ ಕಟ್ಟೆಯ ಮೇಲೆ ಹೋಗಿ ಕೂರುವ ಮುಖ ನನಗಿರಲಿಲ್ಲ.